ಬಸುರಿಗೆ ಎಕ್ಸ್‌ರೇ ಬರೆದಾಗ: ಮೊದಲು ವಾರ ಎಣಿಸಿ

"ಕೊನೆಯ ಸಲ ಮುಟ್ಟಾಗಿದ್ದು ಯಾವತ್ತು?" ಎಕ್ಸ್‌ರೇ ಕೋಣೆಗೆ ಬಂದ ಹೆಂಗಸರನ್ನು ನಾನು ಮೊದಲು ಕೇಳುವುದು ಇದನ್ನೇ. ಕೆಲವರಿಗೆ ಮುಜುಗರ. ಕೇಳದೆ ಬಿಟ್ಟು ಒಮ್ಮೆ ನಾನೇ ಪೇಚಿಗೆ ಸಿಕ್ಕಿದ್ದೇನೆ. ಸೊಂಟನೋವು ಅಂತ ಬಂದವರಿಗೆ ಎರಡು ಫಿಲ್ಮ್ ತೆಗೆದೆ. ಹತ್ತು ದಿನ ಬಿಟ್ಟು ಫೋನ್ ಬಂತು: "ನಾನು ಬಸುರಿ. ಮಗುವಿನ ತಲೆಗೆ ಏನಾದ್ರೂ ಆಗುತ್ತಾ?"

ಇಂಥ ಹೊತ್ತಲ್ಲಿ ಮೊದಲು ವಾರ ಎಣಿಸಿ. ಇಲ್ಲೊಂದು ತೊಡಕಿದೆ. ಡಾಕ್ಟರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ವಿಕಿರಣದ ಪುಸ್ತಕಗಳು ಎಣಿಸುವುದು ಗರ್ಭ ಕಟ್ಟಿದ ದಿನದಿಂದ. ನಡುವೆ ಸುಮಾರು ಎರಡು ವಾರದ ಅಂತರ. ಪುಸ್ತಕ ಭಯಪಡಿಸುವ 8ರಿಂದ 15ನೇ ವಾರ ಅಂದರೆ ನಿಮ್ಮ ಚೀಟಿಯಲ್ಲಿ 10ರಿಂದ 17.

ಆ ವಾರಗಳೇ ಯಾಕೆ? ಆಗ ಮಗುವಿನ ಮಿದುಳಿನ ಒಳಪದರದಲ್ಲಿ ಎಳೆಯ ಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತಿರುತ್ತವೆ. ಹುಟ್ಟಿದ ನರಕೋಶ ಅಲ್ಲೇ ಕೂರುವುದಿಲ್ಲ. ನೂಲಿನಂತೆ ಚಾಚಿಕೊಂಡ ಇನ್ನೊಂದು ಕೋಶವನ್ನು ಹಿಡಿದು, ಬಳ್ಳಿ ಕಂಬ ಹಬ್ಬಿದ ಹಾಗೆ ಹೊರಪದರಕ್ಕೆ ಹತ್ತುತ್ತದೆ. ವಿಕಿರಣ ಜೋರಾಗಿ ಬಿದ್ದರೆ ಡಿಎನ್‌ಎ ತುಂಡಾಗುತ್ತದೆ. ಒಡೆಯುವ ಗಡಿಬಿಡಿಯಲ್ಲಿರುವ ಕೋಶಕ್ಕೆ ರಿಪೇರಿ ಮಾಡಿಕೊಳ್ಳಲು ಪುರುಸೊತ್ತಿಲ್ಲ, ಸಾಯುತ್ತದೆ. ಉಳಿದ ಕೆಲವು ದಾರಿ ಮಧ್ಯೆಯೇ ನಿಂತುಬಿಡುತ್ತವೆ. 1945ರಲ್ಲಿ ಹಿರೋಶಿಮಾ, ನಾಗಸಾಕಿಯಲ್ಲಿ ತಾಯಿಯ ಹೊಟ್ಟೆಯಲ್ಲಿದ್ದವರ ಪೈಕಿ ತೀವ್ರ ಬುದ್ಧಿಮಾಂದ್ಯ ಜಾಸ್ತಿ ಕಂಡದ್ದು ಈ 8–15ರ ಗುಂಪಿನಲ್ಲೇ. 16–25ರಲ್ಲಿ ಕಡಿಮೆ. 8ಕ್ಕೆ ಮುಂಚೆ, 25ರ ನಂತರ ಕಾಣಲಿಲ್ಲ.

ಆದರೆ ಅದು ಬಾಂಬು, ಅಲ್ವಾ? ಹಾಗಾಗಿ ಎರಡನೆಯದಾಗಿ ಪ್ರಮಾಣ ಕೇಳಿ. ಮೈಗೆ ಹೀರಿದ ವಿಕಿರಣದ ಅಳತೆ ಮಿಲಿಗ್ರೇ. ಮಗುವಿಗೆ ತಲುಪಿದ್ದು 100ಕ್ಕಿಂತ ಕಡಿಮೆ ಇದ್ದರೆ ಮಿದುಳಿಗೆ ಪೆಟ್ಟು ಬಿದ್ದದ್ದು ಕಂಡುಬಂದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಮಗುವಿಗೆ ತಲುಪುವುದು 0.01 ಕೂಡ ಇಲ್ಲ. ಹೊಟ್ಟೆಯ ಒಂದು ಎಕ್ಸ್‌ರೇಗೆ ಸುಮಾರು 1ರಿಂದ 3. ಕೆಳಹೊಟ್ಟೆಯ ಸಿ.ಟಿ.ಗೆ 10ರಿಂದ 50. ಕ್ಯಾನ್ಸರಿನ ಲೆಕ್ಕ ಬೇರೆ, ಕಡಿಮೆ ಪ್ರಮಾಣದಲ್ಲೂ ಅದರ ಅಪಾಯ ಪೂರ್ತಿ ಇಲ್ಲ ಅನ್ನಲಾಗದು, ಅದಕ್ಕೇ ಸುಮ್ನೆ ತೆಗೆಸಬೇಡಿ.

ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಸಾಕಾಗುತ್ತಾ ಅಂತ ಕೇಳಿ ನೋಡಿ, ಅವುಗಳಲ್ಲಿ ಇಂಥ ವಿಕಿರಣ ಇಲ್ಲ. ಅಪಘಾತವಾಗಿ ಸಿ.ಟಿ. ಬೇಕೇ ಬೇಕು ಅಂದರೆ ಹಟ ಹಿಡಿಯಬೇಡಿ. ತಾಯಿ ಉಳಿದರೆ ತಾನೇ ಮಗು?

ನಾನು ಕಡ್ಡಿ ಮುರಿದ ಹಾಗೆ ಬೇಡ ಅನ್ನುವುದು ಥೈರಾಯ್ಡ್‌ಗೆ ಕೊಡುವ ವಿಕಿರಣಶೀಲ ಅಯೋಡಿನ್ ಔಷಧ. ಅದು ಮಾಸು ದಾಟಿ ಮಗುವಿನ ಥೈರಾಯ್ಡ್‌ನಲ್ಲೇ ಕೂರುತ್ತದೆ. ಆ ಗ್ರಂಥಿ ಕೆಟ್ಟರೆ ಮಿದುಳಿನ ಬೆಳವಣಿಗೆಗೂ ಕುತ್ತು.

ಗೊತ್ತಾಗುವ ಮೊದಲೇ ತೆಗೆಸಿಬಿಟ್ಟಿದ್ದರೆ ಯಾವ ಭಾಗ, ಎಷ್ಟು ಫಿಲ್ಮ್, ಯಾವ ತಾರೀಖು, ಇಷ್ಟು ಬರೆದುಕೊಂಡು ಬನ್ನಿ. ಅಂದು ಫೋನ್ ಮಾಡಿದವರೂ ಹಾಗೇ ಬಂದರು. ನಮ್ಮ ಭೌತವಿಜ್ಞಾನಿ ಲೆಕ್ಕ ಹಾಕಿದಾಗ 5 ಮಿಲಿಗ್ರೇ ದಾಟಲಿಲ್ಲ. ಫಿಲ್ಮ್ ತೆಗೆದ ದಿನ ಅವರಿಗೆ ಚೀಟಿ ಲೆಕ್ಕದಲ್ಲಿ ಐದನೇ ವಾರ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡು ಹೋದರು.