ಒಂದು ರಾತ್ರಿ, ಒಂದು ವೇಷ: ಚೌಕಿಯಲ್ಲಿ ಕೂತು ಫೋಟೊ ತೆಗೆಯುವ ಕ್ರಮ

ಕರಾವಳಿಗೆ ಕ್ಯಾಮೆರಾ ಹಿಡಿದು ಬರುವವರಲ್ಲಿ ಹೆಚ್ಚಿನವರು ಯಕ್ಷಗಾನವನ್ನು ರಂಗಸ್ಥಳದ ಎದುರಿನಿಂದಲೇ ತೆಗೆದುಕೊಂಡು ಹೋಗುತ್ತಾರೆ. ಕಿರೀಟ, ಧೀಂಗಿಣದ ಸುತ್ತುಕುಣಿತ, ದೊಂದಿಯ ಬೆಂಕಿ ಎಲ್ಲ ಸಿಗುತ್ತದೆ. ಆದರೆ ಆ ಚಿತ್ರ ಯಾವ ಊರಿನ, ಯಾವ ಮೇಳದ, ಯಾವ ಕಲಾವಿದರದ್ದು ಎಂದು ಹೇಳುವ ಗುರುತು ಅದರಲ್ಲಿ ಇರುವುದಿಲ್ಲ. ಕಥೆ ಇರುವುದು ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಾಕಿ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ. ಅಲ್ಲಿಯೂ ಎಲ್ಲರ ಹಿಂದೆ ಓಡಾಡದೆ ಒಂದೇ ವೇಷವನ್ನು ಹಿಡಿದು ಕೂತರೆ ಮಾತ್ರ ಅದು ಕೈಗೆ ಸಿಗುತ್ತದೆ ಎಂಬುದು ನಾನು ನೆಚ್ಚಿಕೊಂಡಿರುವ ನಿಯಮ.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳಗಳ ತಿರುಗಾಟ ದೀಪಾವಳಿ ಕಳೆದು ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರುವಾಗಿ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಮುಗಿಯುತ್ತದೆ. ನಾನು ಆರಿಸಿಕೊಳ್ಳುವುದು ಹರಕೆಯ ಬಯಲಾಟ, ಅದರಲ್ಲೂ ದೇವಿ ಮಹಾತ್ಮೆ ಇದ್ದರೆ ಮಹಿಷಾಸುರ. ಇಂಥ ರಾಕ್ಷಸ ಪಾತ್ರಗಳ ಬಣ್ಣದ ವೇಷದ ಮುಖ ಸಿದ್ಧವಾಗಲು ಗಂಟೆಗಳೇ ಹಿಡಿಯುತ್ತವೆ, ಪ್ರತಿ ಹಂತವೂ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಒಬ್ಬ ಮನುಷ್ಯ ಬಣ್ಣದೊಳಗೆ ಸ್ವಲ್ಪಸ್ವಲ್ಪವಾಗಿ ಮರೆಯಾಗುವುದನ್ನು ಹಿಂಬಾಲಿಸಲು ಇದಕ್ಕಿಂತ ಒಳ್ಳೆಯ ವೇಷ ನನಗೆ ಗೊತ್ತಿಲ್ಲ.

ಸಂಜೆ ಚೌಕಿಪೂಜೆಗೆ ಮೊದಲೇ ತಲುಪಬೇಕು. ಮೊದಲು ಮೇಳದ ಮ್ಯಾನೇಜರರನ್ನು, ಆಮೇಲೆ ವೇಷ ಮಾಡುವವರನ್ನೇ ಕೇಳಬೇಕು: “ಬಣ್ಣ ಹಾಕುವಾಗ ಪಕ್ಕದಲ್ಲಿ ಕೂತು ಫೋಟೊ ತೆಗೆಯಬಹುದಾ?” ಚಪ್ಪಲಿ ಹೊರಗೆ, ಫ್ಲಾಶ್ ಚೀಲದೊಳಗೆ. ಮೊದಲ ಅರ್ಧ ಗಂಟೆ ಕ್ಯಾಮೆರಾ ಮಡಿಲಲ್ಲೇ ಇರಲಿ. ಆ ಹೊತ್ತಿನಲ್ಲಿ ದೀಪ ಎಲ್ಲಿದೆ, ಕನ್ನಡಿ ಎತ್ತ ತಿರುಗಿದೆ, ವೇಷ ಕಟ್ಟುವವರು ಯಾವ ಬದಿಯಿಂದ ಬರುತ್ತಾರೆ ಎಂದು ನೋಡಿಕೊಳ್ಳುತ್ತೇನೆ. ದೀಪಕ್ಕೂ ಕಲಾವಿದರಿಗೂ ನಡುವೆ ಕೂತರೆ ಅವರ ಮುಖದ ಮೇಲೆ ನಮ್ಮ ನೆರಳು ಬೀಳುತ್ತದೆ, ಗೆರೆ ತಪ್ಪುತ್ತದೆ. ಆದ್ದರಿಂದ ಕನ್ನಡಿಯ ಪಕ್ಕಕ್ಕೆ, ನೆಲದ ಮೇಲೆ, ಅವರ ಕಣ್ಣಿನ ಎತ್ತರಕ್ಕೆ ಕೂರುವುದು. ನಿಂತು ಕೆಳಮುಖವಾಗಿ ತೆಗೆದ ಚಿತ್ರದಲ್ಲಿ ನೆತ್ತಿ ಮತ್ತು ಚಾಪೆ ಮಾತ್ರ ಕಾಣುತ್ತವೆ.

35 ಎಂಎಂ ಲೆನ್ಸ್ ಒಂದೇ ಸಾಕು. ಎಫ್/2, 1/100 ಸೆಕೆಂಡ್, ಐಎಸ್ಒ 1600ರಿಂದ 3200. ಶಟರನ್ನು 1/100ಕ್ಕೆ ಇಡಲು ಕಾರಣವಿದೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/320ರಲ್ಲಿ ತೆಗೆದರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ, ಇಲ್ಲವೇ ಒಂದು ಫ್ರೇಮು ಬೆಳಕು, ಮುಂದಿನದು ಮಂಕು. ಚೌಕಿಯಲ್ಲಿ ಸದ್ದು ಬೇಡವೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಪಟ್ಟಿ ಇನ್ನೂ ಎದ್ದು ಕಾಣುವುದೇ ಹೆಚ್ಚು. ಜನರೇಟರ್ ಓಡುತ್ತಿದ್ದರೆ ಅದರ ವೇಗ ಸರಿಯಾಗಿ 50ರಲ್ಲಿ ನಿಲ್ಲುವುದಿಲ್ಲ. ಆಗ 1/50ಕ್ಕೆ ಇಳಿಸಿ, ನಾಲ್ಕೈದು ಫ್ರೇಮು ತೆಗೆದು, ದೊಡ್ಡದು ಮಾಡಿ ನೋಡಬೇಕು.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಇಂಗಳೀಕದ ಕೆಂಪು ಸೆನ್ಸರಿನಲ್ಲಿ ಬೇಗ ಒಡೆದುಹೋಗುತ್ತದೆ. ಸಾಮಾನ್ಯ ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದೆ ಎಂದು ತೋರಿಸುತ್ತಿರುವಾಗಲೇ ಕೆಂಪು ಚಾನೆಲ್ ಬಲ ಅಂಚಿಗೆ ಬಡಿದಿರುತ್ತದೆ, ಕೆನ್ನೆಯ ಗೆರೆಗಳೆಲ್ಲ ಒಂದೇ ಚಪ್ಪಟೆ ಮುದ್ದೆಯಾಗುತ್ತವೆ. ಮೂರೂ ಚಾನೆಲ್ ಬೇರೆಬೇರೆ ತೋರಿಸುವ ಹಿಸ್ಟೊಗ್ರಾಮ್ ಹಾಕಿಕೊಂಡು, ಮುಕ್ಕಾಲು ಸ್ಟಾಪಿನಷ್ಟು ಕಡಿಮೆ ಬೆಳಕಿನಲ್ಲಿ, ರಾ ಫೈಲಿನಲ್ಲಿ ತೆಗೆಯುತ್ತೇನೆ. ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಮುಖದ ಬಣ್ಣ ಏರಿದಂತೆಲ್ಲ ಕ್ಯಾಮೆರಾ ತನ್ನ ಲೆಕ್ಕ ಬದಲಿಸುತ್ತಾ ಹೋಗುತ್ತದೆ. ಒಂದೇ ಮುಖದ ಸರಣಿ ಹಲವು ರಾತ್ರಿಗಳದ್ದು ಎನ್ನಿಸಿಬಿಡುತ್ತದೆ. ಮೊದಲಿಗೇ ಬಿಳಿ ಪಂಚೆಯ ಮೇಲೆ ಅಳೆದು ಲಾಕ್ ಮಾಡಿಬಿಡಬೇಕು.

ಕನ್ನಡಿಯಲ್ಲಿನ ಮುಖಕ್ಕೆ ಫೋಕಸ್ ಮಾಡುವಾಗ ದೂರದ ಲೆಕ್ಕ ಬೇರೆ. ಕ್ಯಾಮೆರಾದಿಂದ ಕನ್ನಡಿಗೆ ಎರಡು ಅಡಿ, ಕನ್ನಡಿಯಿಂದ ಮುಖಕ್ಕೆ ಒಂದೂವರೆ ಅಡಿ ಇದ್ದರೆ ಲೆನ್ಸಿಗೆ ಅದು ಮೂರೂವರೆ ಅಡಿ. ಆಟೊಫೋಕಸ್ ಚೌಕಟ್ಟಿನ ಅಂಚನ್ನೋ ಗಾಜಿನ ಮೇಲಿನ ಧೂಳನ್ನೋ ಹಿಡಿದುಬಿಡುತ್ತದೆ. ಫೋಕಸ್ ಬಿಂದುವನ್ನು ಚಿಕ್ಕದು ಮಾಡಿ ಕಣ್ಣಿನ ಮೇಲೇ ಇಡಬೇಕು.

ಏನನ್ನು ತೆಗೆಯಬೇಕು? ಬರಿಮುಖ ಮೊದಲು. ಇದನ್ನು ಬಿಟ್ಟರೆ ಮುಂದಿನದಕ್ಕೆಲ್ಲ ಅರ್ಥವಿಲ್ಲ. ಆಮೇಲೆ ಅಡಿಬಣ್ಣ, ಕಪ್ಪು, ಕೆಂಪು. ಆಮೇಲೆ ಚುಟ್ಟಿ: ಅಕ್ಕಿಹಿಟ್ಟು, ಸುಣ್ಣ ಕಲಸಿದ ಮಿಶ್ರಣವನ್ನು ಕಡ್ಡಿಯಿಂದ ಚುಕ್ಕಿಚುಕ್ಕಿಯಾಗಿ ಮುಖದ ಮೇಲೆ ಎಬ್ಬಿಸುವುದು. ಚುಟ್ಟಿ ಒಣಗುತ್ತಿರುವಾಗ ಕಲಾವಿದರು ಮಾತನಾಡುವುದಿಲ್ಲ, ನಗುವುದಿಲ್ಲ. ನನಗೆ ಅತ್ಯಂತ ಬೆಲೆಯುಳ್ಳ ಚಿತ್ರಗಳು ಸಿಗುವುದು ಈ ಹೊತ್ತಿನಲ್ಲೇ. ಅರ್ಧ ರಾಕ್ಷಸ, ಅರ್ಧ ದಣಿದ ಮನುಷ್ಯ. ಕೈಗಳನ್ನೂ ಮರೆಯಬಾರದು, ಬಣ್ಣವಿಲ್ಲದ ಕೈಗಳು ಆ ವ್ಯಕ್ತಿಯ ವಯಸ್ಸನ್ನು ಹೇಳುತ್ತವೆ. ಗೆಜ್ಜೆ ಕಟ್ಟುವುದು, ದೇವರೆದುರು ಕೈಮುಗಿಯುವುದು, ವೇಷ ಕಟ್ಟುವವರು ಮಂಡಿಯೂರಿ ಹಗ್ಗ ಬಿಗಿಯುವುದು, ಇವೂ ಬೇಕು. ಹೆಣ್ಣುವೇಷದವರು ಉಡುವಾಗ ಕ್ಯಾಮೆರಾ ಕೆಳಗಿಡುವುದು ಮರ್ಯಾದೆ.

ಮಹಿಷಾಸುರ ದೊಂದಿಗಳ ನಡುವೆ ಪ್ರೇಕ್ಷಕರ ಕಡೆಯಿಂದ ಬರುವಾಗ ಮ್ಯಾನ್ಯುವಲ್ ಮೋಡ್: 1/250, ಎಫ್/2.8, ಐಎಸ್ಒ 3200. ರಾಳ ಎರಚಿದಾಗ ಏಳುವ ಜ್ವಾಲೆಯಿಂದ ಮುಖ ಬೆಳಗುತ್ತದೆ. ಆಟೊ ಮೋಡಿನಲ್ಲಿದ್ದರೆ ಕ್ಯಾಮೆರಾ ಬೆಂಕಿಯನ್ನೇ ಅಳೆದು ಮುಖವನ್ನು ಕಪ್ಪು ಮಾಡುತ್ತದೆ. ಇಲ್ಲಿ ಮೂರು ನಾಲ್ಕು ಚಿತ್ರ ಸಿಕ್ಕಿದರೆ ಸಾಕು.

ಜೇಬಿನ ಪುಸ್ತಕದಲ್ಲಿ ಪ್ರಸಂಗ, ಊರು, ಪಾತ್ರ, ಹಂತ, ಗಂಟೆ ಬರೆದುಕೊಳ್ಳುತ್ತೇನೆ, ಕ್ಯಾಮೆರಾದ ಗಡಿಯಾರವನ್ನು ಮೊದಲೇ ಹೊಂದಿಸಿರುತ್ತೇನೆ. ಕಿರೀಟ ವೇಷವನ್ನು ಬಣ್ಣದ ವೇಷವೆಂದು, ತೆಂಕನ್ನು ಉತ್ತರದ ಶೈಲಿಯಾದ ಬಡಗೆಂದು ಬರೆದ ಶೀರ್ಷಿಕೆಯನ್ನು ಕರಾವಳಿಯ ಓದುಗರು ಕ್ಷಮಿಸುವುದಿಲ್ಲ. ಕ್ಷಮಿಸಲೂಬಾರದು. ಬರೆದದ್ದನ್ನು ಆ ಕಲಾವಿದರಿಗೇ ಒಮ್ಮೆ ಓದಿಹೇಳುವುದು ಒಳ್ಳೆಯದು.

ಆರಿಸುವ ಕೆಲಸಕ್ಕೆ ಕಂಪ್ಯೂಟರಿಗಿಂತ ನೆಲ ವಾಸಿ. ನಲವತ್ತು ಚಿತ್ರಗಳನ್ನು 4x6 ಇಂಚಿಗೆ ಅಗ್ಗದಲ್ಲಿ ಪ್ರಿಂಟ್ ಹಾಕಿಸಿ ಹರಡುವುದು, ಒಂದೇ ಮಾತನ್ನು ಹೇಳುವ ಎರಡರಲ್ಲಿ ಒಂದನ್ನು ತೆಗೆಯುವುದು, ಹನ್ನೆರಡಕ್ಕೆ ಬರುವವರೆಗೆ. ಕತ್ತಲು ಹೆಚ್ಚಿರುವ ಚಿತ್ರಗಳು ಕಾಗದದ ಮೇಲೆ ಪರದೆಗಿಂತ ಮಂಕಾಗಿ ಬರುವುದರಿಂದ, ಕೊನೆಯ ಪ್ರಿಂಟಿಗೆ ಅರ್ಧ ಸ್ಟಾಪ್ ಬೆಳಕು ಏರಿಸಿ ಒಂದು ಮಾದರಿ ತೆಗೆಸಿ ನೋಡಬೇಕು. ಆ ಹನ್ನೆರಡರ ಒಂದು ಜೊತೆ ಪ್ರಿಂಟನ್ನು ಅದೇ ತಿರುಗಾಟ ಮುಗಿಯುವುದರೊಳಗೆ ಮೇಳಕ್ಕೆ ಮುಟ್ಟಿಸಬೇಕು. ಪತ್ತನಾಜೆ ಕಳೆದರೆ ಕಲಾವಿದರು ತಮ್ಮತಮ್ಮ ಊರು ಸೇರಿರುತ್ತಾರೆ.