ಎರೆ ಭೂಮಿಯಲ್ಲಿ ಎರಡು ಗುಂಡಿ: ನನ್ನ ಅನುಭವ

2021ರ ಶಿವರಾತ್ರಿ ಮುಗಿದ ವಾರ ನಮ್ಮ ಹಿತ್ತಲಿನ ಪಾಯಖಾನೆಯ ಎರಡು ಗುಂಡಿಗಳಲ್ಲಿ ಮೊದಲನೆಯದರ ಪರಸಿ (ಮುಚ್ಚಿದ ಕಲ್ಲುಚಪ್ಪಡಿ) ಎತ್ತಿಸಿದೆ. ಎತ್ತುವ ಮೊದಲೇ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದಿದ್ದರು, ಗಂಡಸರು ಗಾಳಿ ಬೀಸುವ ದಿಕ್ಕು ನೋಡಿ ದೂರ ನಿಂತಿದ್ದರು. ಒಳಗೆ ಇದ್ದದ್ದು ಚಹಾಪುಡಿ ಬಣ್ಣದ ಉದುರು ಮಣ್ಣು. ಮೇಲಿನಿಂದಲೇ ಉದ್ದ ಹಿಡಿಯ ಸಲಿಕೆ ಹಾಕಿ ಎತ್ತಿದೆ, ಮಗ ಬುಟ್ಟಿ ಹಿಡಿದ. ನಮ್ಮ ದೊಡ್ಡಪ್ಪ ಹತ್ತಿರ ಬಂದು ಬಗ್ಗಿ ಮೂಸಿ ನೋಡಿ, ‘ತಮ್ಮಾ, ಇದು ತಿಪ್ಪೆ ಗೊಬ್ಬರಕ್ಕಿಂತ ಹಗುರಾಗಿದೆಯಲ್ಲ’ ಎಂದರು. ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಗುಂಡಿ ಪಾಯಖಾನೆ ನಡೆಯುವುದೇ ಇಲ್ಲ ಎಂದು ಆರು ವರ್ಷ ನನ್ನೊಡನೆ ವಾದ ಮಾಡಿದವರು ಅವರೇ.

ನಾನು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಗೌಂಡಿ. ಸ್ವಚ್ಛ ಭಾರತ ಯೋಜನೆ 2014ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಪಾಯಖಾನೆ ಕಟ್ಟುವ ಕೆಲಸಕ್ಕೆ ಇಳಿದೆ. ಇವತ್ತಿಗೆ ನೂರಾ ಎಂಬತ್ತರ ಆಸುಪಾಸು ಕಟ್ಟಿದ್ದೇನೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಎರೆ ಮಣ್ಣಿನಲ್ಲಿ. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು, ಮುಚ್ಚಿದ್ದು ಗೊಬ್ಬರವಾಗಲು ಬಿಡುವುದು ಇದರ ಕ್ರಮ. ಮಸಾರಿಯಲ್ಲಿ, ಅಂದರೆ ಕೆಂಪು ನೆಲದಲ್ಲಿ, ಎರಡು ಗುಂಡಿ ತೋಡಿ ನಿಲ್ಲಿಸುವುದು ಈ ಕಸುಬಿನವರಿಗೆಲ್ಲ ಗೊತ್ತು, ಅದನ್ನು ಬರೆಯುವುದಿಲ್ಲ. ಎರೆಯಲ್ಲಿ ನಾನು ಎಲ್ಲಿ ಸೋತೆ, ಎಷ್ಟು ಕಳೆದುಕೊಂಡೆ ಎನ್ನುವುದು ಇದೇ ಕೆಲಸ ಮಾಡುವವರಿಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

2015ರ ಬೇಸಿಗೆಯಲ್ಲಿ ಎರೆಯಲ್ಲಿ ಏಳು ಪಾಯಖಾನೆ ಕಟ್ಟಿದೆ, ನನ್ನದೂ ಸೇರಿ. ಮಸಾರಿಯಲ್ಲಿ ಮಾಡಿದ ಹಾಗೆಯೇ ಮೂರಡಿ ಅಗಲದ ಸಿಮೆಂಟ್ ರಿಂಗು ನಾಲ್ಕು ಇಳಿಸಿ, ತೋಡಿದ ಮಣ್ಣನ್ನೇ ಸುತ್ತ ತುಂಬಿ ಮುಚ್ಚಿದೆ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಿದ್ದರಿಂದ ನೀರು ಚೆನ್ನಾಗಿಯೇ ಇಂಗಿತು. ಭಾದ್ರಪದದ ಮಳೆಗೆ ಎರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಂಡಿತು. ಏಳರಲ್ಲಿ ಐದು ಕಡೆ ನೀರು ಪಾನಿಗೆ (ಕೂರುವ ಬೋಗುಣಿಗೆ) ವಾಪಸು ಬಂತು. ಎರಡು ಕಡೆ ಮೇಲಿನ ರಿಂಗು ಸೀಳಿತು, ಒಂದು ಕಡೆ ಪೈಪು ಜಗ್ಗಿ ಕಿತ್ತುಬಂತು. ಮನೆಯವರು ಮತ್ತೆ ಚರಿಗೆ ಹಿಡಿದು ಬಯಲಿಗೆ ನಡೆದರು. ಒಬ್ಬ ತಾಯಿ ನನ್ನ ಮನೆಯ ಬಾಗಿಲಿಗೆ ಬಂದು, ‘ಮಗಳು ಬಾಣಂತಿ, ಮಳೆಯಲ್ಲಿ ಎಲ್ಲಿಗೆ ಕಳಿಸಲಿ ಹೇಳು’ ಎಂದು ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲವನ್ನೂ ನನ್ನ ಖರ್ಚಿನಲ್ಲೇ ಕಿತ್ತು ಮತ್ತೆ ಹಾಕಿದೆ. ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು. ಹೆಂಡತಿಯ ಬೋರಮಾಳ ಒತ್ತೆ ಇಟ್ಟೆವು. ಅದನ್ನು ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಆಗ ಸರ್ಕಾರದ ಪ್ರೋತ್ಸಾಹಧನ 12,000 ರೂಪಾಯಿ ಬರುತ್ತಿದ್ದದ್ದು ಕಟ್ಟಿ ಮುಗಿಸಿ ಫೋಟೊ ತೆಗೆದ ಮೇಲೆ. ಅಲ್ಲಿಯವರೆಗೆ ಬಡವರ ಮನೆಯ ಸಾಮಾನಿಗೆ ನಾನೇ ಉದ್ರಿ ಹೇಳಬೇಕಾಗಿತ್ತು. ಒಂದು ಹಂತದಲ್ಲಿ ಅರವತ್ತು ಎಪ್ಪತ್ತು ಸಾವಿರ ಹೊರಗೆ ನಿಂತಿತ್ತು, ರಿಂಗಿನವನು ದಿನಾ ಫೋನು ಮಾಡುತ್ತಿದ್ದ.

ದಾರಿ ಸಿಕ್ಕಿದ್ದು ಗುಂಡಿಯನ್ನು ಐದಡಿ ಅಗಲ ತೋಡಿದಾಗ. ರಿಂಗು ಮೂರಡಿಯದೇ, ಸುತ್ತ ಒಂದಡಿ ಜಾಗ ಬಿಟ್ಟು ಅಲ್ಲಿ ಇಟ್ಟಿಗೆ ಚೂರು ಮತ್ತು ದಪ್ಪ ಉಸುಕು ತುಂಬಿದೆ. ಎರೆ ಉಬ್ಬಿದರೂ ಒತ್ತಡ ರಿಂಗಿಗೆ ನೇರವಾಗಿ ಬೀಳುವುದಿಲ್ಲ, ಇಂಗಲು ನೀರಿಗೆ ಹೆಚ್ಚು ಮೈ ಸಿಗುತ್ತದೆ. ಮೊದಲು ಖಡಿ (ಜಲ್ಲಿಕಲ್ಲು) ಕೊಂಡು ತುಂಬಿದೆ, ಒಂದು ಜೋಡಿ ಗುಂಡಿಗೆ ಎರಡು ಸಾವಿರಕ್ಕೂ ಹೆಚ್ಚು ಬಿತ್ತು. ಆಮೇಲೆ ಇಟ್ಟಿಗೆ ಭಟ್ಟಿಯವರ ಹತ್ತಿರ ಒಡೆದ ಇಟ್ಟಿಗೆ ಕೇಳಿದೆ. ಒಯ್ದರೆ ಸಾಕು ಎಂದರು, ಟ್ರ್ಯಾಕ್ಟರ್ ಬಾಡಿಗೆ ಮಾತ್ರ ನನ್ನದಾಯಿತು. ಖರ್ಚು ಐದಾರು ನೂರಕ್ಕೆ ಇಳಿಯಿತು. ಚೂರು ಎಷ್ಟು ದಪ್ಪ ಇರಬೇಕು, ಉಸುಕನ್ನು ಯಾವ ಹಂತದಲ್ಲಿ ಇಳಿಸಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾಲ್ಕು ಮಳೆಗಾಲ ನೋಡಿ ಕಲಿತದ್ದು, ನನ್ನ ಜೊತೆ ಎರಡು ಗುಂಡಿ ಇಳಿಸಿದವರಿಗೆ ಕೈಯಿಂದಲೇ ತೋರಿಸುತ್ತೇನೆ. ಆದರೆ ಗುಂಡಿಯ ಬಾಯನ್ನು ನೆಲಕ್ಕಿಂತ ಮುಕ್ಕಾಲು ಅಡಿಯಾದರೂ ಎತ್ತರಿಸಿ ಸುತ್ತ ಮಣ್ಣು ಏರಿಸುವುದನ್ನು ಯಾರೂ ಬಿಡಬೇಡಿ. ಹರಿಯುವ ಮಳೆನೀರು ಒಳಗೆ ಇಳಿದರೆ ನನ್ನ ಉಪಾಯವೂ ಕೈಕೊಡುತ್ತದೆ.

ಎಲ್ಲರೂ ಕೇಳುತ್ತಿದ್ದದ್ದು ಒಂದೇ: ‘ಹತ್ತಡಿ ಆಳ ತೋಡು, ಜೀವಮಾನಕ್ಕೆ ಸಾಕಾಗಲಿ.’ ಗುಂಡಿ ತುಂಬೀತೆಂಬ ಅಂಜಿಕೆಗೆ ಕಟ್ಟಿದ ಪಾಯಖಾನೆಯನ್ನು ಬಳಸದೆ ಕಟ್ಟಿಗೆ, ಕುರುಳು (ಬೆರಣಿ) ಒಟ್ಟುವ ಮನೆಗಳನ್ನು ನೀವೂ ನೋಡಿದ್ದೀರಿ. ಹತ್ತಡಿ ತೋಡಿದರೆ ಅಂತರ್ಜಲಕ್ಕೆ ಹತ್ತಿರವಾಗುತ್ತದೆ, ಕುಡಿಯುವ ನೀರಿಗೇ ವಿಷ ಬೆರೆಸಿದಂತೆ. ಒಬ್ಬರ ಹಿತ್ತಲಿನಲ್ಲಿ ಕೈಪಂಪು ಹದಿನೈದು ಅಡಿ ದೂರದಲ್ಲಿತ್ತು. ಅಲ್ಲಿ ತೋಡುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಬೇರೊಬ್ಬ ಗೌಂಡಿಯನ್ನು ಕರೆಯುತ್ತೇವೆ ಎಂದರು. ಎರಡು ದಿನ ಬಿಟ್ಟು ಅವರೇ ಬಂದರು, ಮನೆಯ ಮುಂಭಾಗದಲ್ಲಿ ಪಂಪಿನಿಂದ ನಲವತ್ತು ಅಡಿ ದೂರ ತೋಡಿದೆವು. ಈ ವಿಷಯದಲ್ಲಿ ನಾನು ಯಾರಿಗೂ ಬಗ್ಗುವುದಿಲ್ಲ.

ಇನ್ನೊಂದು ತಪ್ಪು ನನ್ನದಲ್ಲ, ಆದರೆ ಹೆಸರು ಕೆಟ್ಟದ್ದು ಎಲ್ಲ ಗೌಂಡಿಗಳದೂ. ಪಕ್ಕದ ಊರಿನಲ್ಲಿ ಒಬ್ಬ ಗುತ್ತಿಗೆದಾರ ಐವತ್ತು ಅರವತ್ತು ಮನೆಗೆ ಪಟ್ಟಣದ ಚಪ್ಪಟೆ ಪಾನು ಕೂರಿಸಿದ. ಒಂದು ಸಲಕ್ಕೆ ಅರ್ಧ ಕೊಡ ನೀರು ಬೇಕು. ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಅಷ್ಟು ನೀರು ಹೊತ್ತು ತರುವವಳು ಹೆಣ್ಣುಮಗಳು. ಎರಡು ತಿಂಗಳಿಗೆ ಎಲ್ಲ ಬಾಗಿಲಿಗೂ ಬೀಗ ಬಿತ್ತು. ಹಳ್ಳಿಯ ಕಡಿದಾದ ಪಾನಿಗೆ ಎರಡು ಲೀಟರ್ ಸಾಕು. ಹಾಗೆಯೇ ಆ ಗುತ್ತಿಗೆದಾರ, ಪಾನಿನ ನೀರನ್ನು ಗುಂಡಿಗಳಿಗೆ ತಿರುಗಿಸುವ ಕೂಡುಪೆಟ್ಟಿಗೆಯಲ್ಲಿ ಎರಡೂ ಬಾಯಿ ತೆರೆದು ಬಿಟ್ಟಿದ್ದ. ಎರಡೂ ಗುಂಡಿ ಒಟ್ಟಿಗೆ ತುಂಬಿದವು, ಬದಲಿಸಲು ಒಣ ಗುಂಡಿಯೇ ಉಳಿಯಲಿಲ್ಲ. ನಾನು ಒಂದು ಬಾಯಿಗೆ ಇಟ್ಟಿಗೆ ಕೂರಿಸಿ ಮಣ್ಣು ಮೆತ್ತಿ, ಮನೆಯೊಡತಿಯನ್ನು ಕರೆದು ತೋರಿಸಿಯೇ ಮುಚ್ಚುತ್ತೇನೆ. ಗಂಡಸರಿಗೆ ತೋರಿಸಿದರೆ ಮರೆಯುತ್ತಾರೆ, ಇದು ಅನುಭವದ ಮಾತು.

ಗ್ಯಾಸ್ ಪೈಪ್ ಇಲ್ಲವೆಂದು ಜಗಳ ತೆಗೆದವರಿದ್ದಾರೆ. ಈ ಗುಂಡಿಗೆ ಅದು ಬೇಡ, ಗಾಳಿಯನ್ನು ಮಣ್ಣೇ ಹೀರುತ್ತದೆ. ಹಾಕಿದರೆ ಸೊಳ್ಳೆ, ವಾಸನೆ ಎರಡಕ್ಕೂ ದಾರಿ. ಬಚ್ಚಲು ನೀರನ್ನೂ ಇದೇ ಗುಂಡಿಗೆ ಬಿಟ್ಟು ನೋಡಿದೆ, ನಮ್ಮ ಮನೆಯಲ್ಲೇ. ಇಪ್ಪತ್ತು ದಿನಕ್ಕೆ ಗುಂಡಿ ಕೆರೆಯಾಯಿತು. ಈಗ ಬಚ್ಚಲಿಗೆ ಬೇರೆ ಇಂಗುಗುಂಡಿ. ಬೇಗ ಕೊಳೆಯಲೆಂದು ಅಂಗಡಿಯ ಪುಡಿ ಪಾಕೀಟು ತಂದು ಒಂದರಲ್ಲಿ ಹಾಕಿದೆ, ಇನ್ನೊಂದರಲ್ಲಿ ಒಂದು ಬುಟ್ಟಿ ಸೆಗಣಿ ಹಾಕಿದೆ. ತೆರೆದಾಗ ವ್ಯತ್ಯಾಸವೇ ಕಾಣಲಿಲ್ಲ. ಪುಡಿಗೆ ಕೊಟ್ಟ ಮುನ್ನೂರು ಚಿಲ್ಲರೆ ದಂಡ. ದಿನಾ ಫಿನೈಲು, ಆ್ಯಸಿಡ್ ಸುರಿಯುವ ಮನೆಯ ಗುಂಡಿ ಮಾತ್ರ ಕೊಳೆಯಲೇ ಇಲ್ಲ, ನಾರುತ್ತಿತ್ತು. ಸಾಬೂನು ಪುಡಿ ಚಿಟಿಕೆ ಹಾಕಿ ಕಸಬರಿಗೆಯಲ್ಲಿ ತಿಕ್ಕಿದರೆ ಸಾಕು.

ಇಷ್ಟೆಲ್ಲ ಆದರೂ ಜನರ ಅಂಜಿಕೆ ಹೋಗಿರಲಿಲ್ಲ. 2017ರ ಫೆಬ್ರುವರಿಯಲ್ಲಿ ತೆಲಂಗಾಣದ ವರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತಾವೇ ಗುಂಡಿಗೆ ಇಳಿದು ಗೊಬ್ಬರ ಎತ್ತಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಆ ಚಿತ್ರವನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ‘ಅದು ಮಸಾರಿ ನೆಲ ಇರಬೇಕು’ ಎಂದು ನಮ್ಮವರು ತಳ್ಳಿಹಾಕಿದರು. ಇನ್ನು ನನ್ನ ಗುಂಡಿಯನ್ನೇ ತೋರಿಸಬೇಕಾಯಿತು. ಏಳು ಜನರ ಮನೆ ನಮ್ಮದು, ಗುಂಡಿ ತುಂಬಲು ನಾಲ್ಕು ವರ್ಷದ ಹತ್ತಿರ ಹಿಡಿಯಿತು. 2019ರ ಆರಂಭದಲ್ಲಿ ನೀರನ್ನು ಎರಡನೆಯದಕ್ಕೆ ತಿರುಗಿಸಿ, ಮೊದಲನೆಯದರ ಪರಸಿಯ ಮೇಲೆ ಬಣ್ಣದಲ್ಲಿ ತಾರೀಖು ಬರೆದು ಮುಚ್ಚಿದೆ. ಎರಡು ವರ್ಷ ತುಂಬುವವರೆಗೆ ಮುಟ್ಟಲಿಲ್ಲ.

ಗುಂಡಿ ತೆಗೆಯಲು ಯಾರನ್ನು ಕರೆಯುತ್ತೀ ಎಂದು ಊರವರು ಕೇಳಿದ್ದರು. ಅವರ ಮನಸ್ಸಿನಲ್ಲಿ ಇದ್ದದ್ದು ಯಾವ ಓಣಿ ಎಂದು ನನಗೆ ಗೊತ್ತು. ಹಸಿ ಮಲವನ್ನು ಮನುಷ್ಯರ ಕೈಯಿಂದ ಎತ್ತಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಮನೆಯವರದು ಮನೆಯವರೇ ತೆಗೆಯಬೇಕು, ಅದೂ ಎರಡು ವರ್ಷ ಒಣಗಿದ ಮೇಲೆ. ಈಗ ಕಟ್ಟುವ ಮುಂಚೆಯೇ ಇದನ್ನು ಹೇಳುತ್ತೇನೆ. ಒಪ್ಪದವರ ಕೆಲಸ ಹಿಡಿಯುವುದಿಲ್ಲ. ಹೀಗೆ ನಾಲ್ಕಾರು ಕೆಲಸ ಕೈಬಿಟ್ಟಿವೆ, ಅದರ ಬಗ್ಗೆ ಬೇಸರವಿಲ್ಲ.

ಅಂದು ಏಳೆಂಟು ಚೀಲ ಗೊಬ್ಬರ ಸಿಕ್ಕಿತು. ಸೊಪ್ಪಿಗೆ, ಸೌತೆಗೆ, ಹಸಿಯಾಗಿ ತಿನ್ನುವ ಯಾವುದಕ್ಕೂ ಹಾಕುವುದಿಲ್ಲ. ನುಗ್ಗೆ, ನಿಂಬೆಯ ಬುಡದ ಮಣ್ಣು ತೆಗೆದು ಗೊಬ್ಬರ ಹಾಕಿ ಮತ್ತೆ ಮುಚ್ಚಿದೆ. ಜೋಡಿ ನುಗ್ಗೆ ಗಿಡಗಳಲ್ಲಿ ಒಂದಕ್ಕೆ ಇದನ್ನು, ಇನ್ನೊಂದಕ್ಕೆ ತಿಪ್ಪೆ ಗೊಬ್ಬರವನ್ನು ಹಾಕಿದ್ದೆ. ಮರುವರ್ಷ ಇದನ್ನು ಉಂಡ ಗಿಡದ ಕಾಯನ್ನು ಸಂತೆಗೆ ಎರಡು ಸಲ ಹೆಚ್ಚಿಗೆ ಒಯ್ದೆ. ಆಮೇಲೆ ಊರಿನಲ್ಲಿ ನಲವತ್ತರಷ್ಟು ಗುಂಡಿ ತೆರೆದಿದ್ದೇವೆ, ಫಿನೈಲು ಸುರಿದ ಆ ಒಂದನ್ನು ಬಿಟ್ಟರೆ ಯಾವುದೂ ನಾರಲಿಲ್ಲ. ದೊಡ್ಡಪ್ಪ 2022ರಲ್ಲಿ ನನ್ನಿಂದಲೇ ಕಟ್ಟಿಸಿಕೊಂಡರು. ಕೂಲಿ ತೆಗೆದುಕೊಳ್ಳಲಿಲ್ಲ, ಇಟ್ಟಿಗೆ ಚೂರಿನ ಬಾಡಿಗೆ ಮಾತ್ರ ಇಸಿದುಕೊಂಡೆ. ಅವರ ಮೊದಲ ಗುಂಡಿ ಇನ್ನೂ ತುಂಬಿಲ್ಲ. ಮನೆಯಲ್ಲಿ ಮೂವರೇ ಇದ್ದಾರೆ, ಇನ್ನೂ ಮೂರು ನಾಲ್ಕು ವರ್ಷ ಹಿಡಿಯಬಹುದು. ಆದರೆ ಪರಸಿಯ ಮೇಲೆ ಬರೆಯಲು ಬಣ್ಣದ ಡಬ್ಬಿಯನ್ನು ಅವರು ಈಗಲೇ ತಂದು ಇಟ್ಟುಕೊಂಡಿದ್ದಾರೆ.