ಹ್ಯಾಂಡಲ್ ಕೂರಿಸಲು ನಾನೇ ಮಾಡಿಕೊಂಡ ಜಿಗ್

ಅಡುಗೆಮನೆ ಕಬೋರ್ಡಿನ ಕೆಲಸದಲ್ಲಿ ಹ್ಯಾಂಡಲ್ ಸರದಿ ಬರುವುದು ಎಲ್ಲ ಮುಗಿದ ಮೇಲೆ. ಪ್ಲೈವುಡ್ ಕೊಯ್ದು, ಮೈಕಾ ಅಂಟಿಸಿ, ಎಡ್ಜ್ ಬ್ಯಾಂಡ್ ಹಾಕಿ, ಹಿಂಜ್ ಕೂರಿಸಿ ನಿಲ್ಲಿಸಿದ ಕಬೋರ್ಡ್ ಬಾಗಿಲಿಗೆ, ಅಂದರೆ ಶಟರ್‌ಗೆ ಕೊನೆಗೆ ಎರಡು ತೂತು. ಆ ತೂತು ಜಾಗ ತಪ್ಪಿತೋ, ಮುಚ್ಚಲು ದಾರಿಯಿಲ್ಲ. ಮೈಕಾ ಮೇಲೆ ಯಾವ ಪುಟ್ಟಿ ಹಾಕಿದರೂ ಎದ್ದು ಕಾಣುತ್ತದೆ, ಶಟರನ್ನೇ ಬದಲಿಸಬೇಕು. ಅದರಲ್ಲೂ ಜೋಡಿ ಬಾಗಿಲುಗಳಲ್ಲಿ ಎರಡು ಹ್ಯಾಂಡಲ್ ಅಕ್ಕಪಕ್ಕವೇ ನಿಲ್ಲುತ್ತವೆ. ಒಂದು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಮನೆಯವರ ಕಣ್ಣು ದಿನಾ ಅಲ್ಲಿಗೇ ಹೋಗುತ್ತದೆ. ಒಂದೊಂದು ಬಾಗಿಲಿಗೂ ಟೇಪು ಹಿಡಿದು, ಪೆನ್ಸಿಲ್ ಗುರುತು ಹಾಕಿ ತೂತು ಹೊಡೆದರೆ ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಅಳತೆ ಒಂದೇ ಸಲ ಆಗಬೇಕು, ಆಮೇಲೆ ಟೇಪು ಮುಟ್ಟಲೇಬಾರದು ಎಂದುಕೊಂಡು ಈ ಜಿಗ್, ಅಂದರೆ ತೂತಿನ ಜಾಗಕ್ಕೆ ಡ್ರಿಲ್ ಬಿಟ್ಟನ್ನು ಹಿಡಿದು ನಡೆಸುವ ಅಚ್ಚು, ಮಾಡಿಕೊಂಡೆ.

ಬೇಕಾದದ್ದು ಹೆಚ್ಚೇನಿಲ್ಲ. 100 ಮಿ.ಮೀ. ಅಗಲ, 220 ಮಿ.ಮೀ. ಉದ್ದದ 18 ಮಿ.ಮೀ. ಪ್ಲೈವುಡ್ ತುಂಡು, 50 ಮಿ.ಮೀ. ಅಗಲದ ತೇಗದ ಪಟ್ಟಿ ಎರಡು, ಕಬ್ಬಿಣದ ಬುಷ್ (ಡ್ರಿಲ್ ಬಿಟ್ ತೂರುವ ಚಿಕ್ಕ ಕೊಳವೆ) ಎರಡು. ಪ್ಲೈವುಡ್ಡಿಗೆ ಬರೀ ತೂತು ಹಾಕಿಯೂ ಜಿಗ್ ಮಾಡಬಹುದು. ಆದರೆ ಡ್ರಿಲ್ ಬಿಟ್ ಉಜ್ಜಿ ಉಜ್ಜಿ ತೂತು ಅಗಲವಾಗುತ್ತದೆ, ಆಮೇಲೆ ಬಿಟ್ ಓರೆಯಾಗಿ ಇಳಿಯುತ್ತದೆ. ಅದಕ್ಕೇ ಲೇತ್ ಅಂಗಡಿಯಲ್ಲಿ ಒಳಗೆ 5, ಹೊರಗೆ 10, ಉದ್ದ 18 ಮಿ.ಮೀ.ನ ಬುಷ್ ಮಾಡಿಸಿದೆ. 5ರ ಬಿಟ್ ಅದರೊಳಗೆ ಸಲೀಸಾಗಿ ತಿರುಗಬೇಕು, ಅಲ್ಲಾಡಬಾರದು. ಹ್ಯಾಂಡಲ್ ಸ್ಕ್ರೂ ಸಾಮಾನ್ಯವಾಗಿ 4 ಮಿ.ಮೀ. ದಪ್ಪ ಇರುವುದರಿಂದ 5ರ ತೂತಿನಲ್ಲಿ ಸ್ವಲ್ಪ ಸಡಿಲ ಸಿಗುತ್ತದೆ.

ಎರಡು ಬುಷ್‌ಗಳ ನಡುವಿನ ಅಂತರವೇ ಈ ಕೆಲಸದ ಜೀವ. ಹ್ಯಾಂಡಲ್‌ಗಳ ಸ್ಕ್ರೂ ಅಂತರ ಬಹುಪಾಲು 32ರ ಮಗ್ಗಿಯಲ್ಲಿ ಬರುತ್ತದೆ: 64, 96, 128, 160. ನಾನು ಮಾಡಿದ್ದು 96ಕ್ಕೆ. ಸ್ಕೇಲ್ ಇಟ್ಟು 96 ಗುರುತು ಹಾಕುವ ಬದಲು ಅಳತೆಯನ್ನು ಹ್ಯಾಂಡಲ್‌ಗೇ ಬಿಟ್ಟೆ. ಪ್ಲೈವುಡ್ಡಿನ ಉದ್ದನೆಯ ಅಂಚಿನಿಂದ 40 ಮಿ.ಮೀ. ಒಳಗೆ ಗೆರೆ ಎಳೆದು, ಅದರ ಮೇಲೆ 11 ಮಿ.ಮೀ.ನ ಎರಡು ತೂತು ಹೊಡೆದೆ. ಅಂದರೆ ಬುಷ್ ಅದರಲ್ಲಿ ತುಸು ಆಡುತ್ತದೆ. ಹ್ಯಾಂಡಲ್ ಸ್ಕ್ರೂಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಬುಷ್ ಒಳಗೆ ಬಿಗಿಯಾಗಿ ಕೂರುವಂತೆ ಮಾಡಿದೆ. ಹ್ಯಾಂಡಲ್ ತಳಕ್ಕೆ ಅಂಟು ಹಿಡಿಯದಂತೆ ಪ್ಯಾಕಿಂಗ್ ಟೇಪ್. ಬುಷ್ ಸುತ್ತ ಅರಾಲ್ಡೈಟ್ ಅಂಟು ತುಂಬಿ, ಹಿಂದಿನಿಂದ ಸ್ಕ್ರೂ ತೂರಿಸಿ, ಜಿಗ್ ಮೇಲೆಯೇ ಹ್ಯಾಂಡಲ್ ಕಟ್ಟಿ, ಎರಡೂ ಬುಷ್ ಗೆರೆಯ ಮೇಲೇ ಇವೆಯೇ ಎಂದು ನೋಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸ್ಕ್ರೂ ಬಿಚ್ಚಿದಾಗ ಬುಷ್‌ಗಳು ಹ್ಯಾಂಡಲ್ ಹೇಳಿದ ಅಂತರದಲ್ಲೇ ಗಟ್ಟಿಯಾಗಿದ್ದವು.

ಇನ್ನು ತಡೆಪಟ್ಟಿ, ಅಂದರೆ ಜಿಗ್ಗನ್ನು ಬಾಗಿಲಿನ ಅಂಚಿಗೆ ತಡೆದು ನಿಲ್ಲಿಸುವ ಆ ತೇಗದ ಪಟ್ಟಿಗಳು. ಒಂದು 40 ಅಳೆದ ಉದ್ದನೆಯ ಅಂಚಿಗೆ, ಇನ್ನೊಂದು ಮೇಲಿನ ಅಂಚಿಗೆ. ಪಟ್ಟಿ ಪ್ಲೈವುಡ್ಡಿನ ಎರಡೂ ಮುಖಗಳಿಂದ 16 ಮಿ.ಮೀ. ಹೊರಚಾಚಿರಬೇಕು. ಆಗ ಅದೇ ಜಿಗ್ ಮಗುಚಿದರೆ ಎಡ ಬಾಗಿಲು ಬಲ ಬಾಗಿಲು ಎರಡಕ್ಕೂ ಆಗುತ್ತದೆ, ತಿರುಗಿಸಿದರೆ ಮೇಲಿನ ಕಬೋರ್ಡಿನ ಕೆಳಮೂಲೆಗೂ ಕೂರುತ್ತದೆ. ಎರಡು ಪಟ್ಟಿ ಸೇರುವ ಒಳಮೂಲೆಯನ್ನು ಮುಚ್ಚಬೇಡಿ, ಐದಾರು ಮಿಲಿಮೀಟರ್ ಖಾಲಿ ಬಿಡಿ. ಅಲ್ಲಿ ಹೊಟ್ಟು ತುಂಬಿಕೊಂಡರೆ ಜಿಗ್ ಬಾಗಿಲಿಗೆ ಪೂರ್ತಿ ಒತ್ತಿ ಕೂರುವುದಿಲ್ಲ, ಹ್ಯಾಂಡಲ್ ಸಾಲು ಅಲ್ಲಿಂದಲೇ ಕೆಡುತ್ತದೆ. ಉದ್ದನೆಯ ಪಟ್ಟಿಗೆ ಫೆವಿಕಾಲ್ ಮತ್ತು ಸ್ಕ್ರೂ, ಮೇಲಿನದಕ್ಕೆ ಬರೀ ಸ್ಕ್ರೂ. ಮೂಲೆಮಟ್ಟ ಇಟ್ಟು ನೋಡಿಯೇ ಬಿಗಿ ಮಾಡಿ.

ಬಾಗಿಲಿಗೆ ಹಚ್ಚುವ ಮೊದಲು ರದ್ದಿ ಪ್ಲೈವುಡ್ಡಿನ ಮೇಲೆ ತೂತು ಹೊಡೆದು ಹ್ಯಾಂಡಲ್ ಕೂರಿಸಿ ನೋಡುವುದು ಕಡ್ಡಾಯ. ಸ್ಕ್ರೂ ಬೆರಳಲ್ಲೇ ತಿರುಗಿ ಹೋಗಬೇಕು.

ಸೈಟಿನಲ್ಲಿ ನನ್ನ ಕ್ರಮ ಹೀಗೆ. ಎಲ್ಲ ಶಟರ್ ನೇತುಹಾಕಿ, ಹಿಂಜ್ ಸರಿಮಾಡಿ, ಹ್ಯಾಂಡಲ್ ಬರುವ ಮೂಲೆಗೊಂದು ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಹಿಂಜ್ ಕಡೆಗೇ ತೂತು ಹೊಡೆಯುವ ಅಪಾಯ ಇದರಿಂದ ತಪ್ಪುತ್ತದೆ, ಜೊತೆಗಿರುವ ಹುಡುಗನಿಗೂ ಕೇಳದೇ ಗೊತ್ತಾಗುತ್ತದೆ. ಹೊಳಪಿನ ಮೈಕಾ ಆದರೆ ಮೇಲಿನ ಫಿಲ್ಮ್ ಕಿತ್ತಿರಬಾರದು. ಜಿಗ್ಗನ್ನು ಮೂಲೆಗೆ ಒತ್ತಿ, ಬಾಗಿಲ ಹಿಂದೆ ಒಂದು ರದ್ದಿ ಹಲಗೆ ಇಟ್ಟು, ಎರಡನ್ನೂ ಸೇರಿಸಿ ಕ್ಲಾಂಪ್ ಬಿಗಿಯುತ್ತೇನೆ. ಈ ಹಿಂದಿನ ಹಲಗೆ ಬಿಡಬೇಡಿ; ಅದಿಲ್ಲದಿದ್ದರೆ ಬಿಟ್ ಹೊರಬರುವಾಗ ಒಳಗಿನ ಮೈಕಾ ಚಕ್ಕೆ ಏಳುತ್ತದೆ. ಡ್ರಿಲ್ ತಾನಾಗಿ ಇಳಿಯಲಿ, ಮೈಭಾರ ಹಾಕುವುದು ಬೇಡ.

18ರ ಪ್ಲೈವುಡ್ಡಿಗೆ ಎರಡೂ ಕಡೆ ಮೈಕಾ ಸೇರಿ ಹೆಚ್ಚುಕಡಿಮೆ 20 ಮಿ.ಮೀ. ಆಗುತ್ತದೆ, 25ರ ಸ್ಕ್ರೂ ಸರಿಹೋಗುತ್ತದೆ. ಡ್ರಾಯರ್‌ನಲ್ಲಿ ಪೆಟ್ಟಿಗೆಯ ಮುಂಭಾಗದ ಮೇಲೆ ಇನ್ನೊಂದು ಮುಖ ಕೂರಿಸಿದ್ದರೆ ದಪ್ಪ ಇಮ್ಮಡಿ, ಅಲ್ಲಿಗೆ 45ರ ಸ್ಕ್ರೂ ಮೊದಲೇ ತಂದಿಟ್ಟುಕೊಳ್ಳಿ. ಡ್ರಾಯರ್‌ಗೂ ಇದೇ ಜಿಗ್ ಸಾಕು. ಮೇಲಿನ ಪಟ್ಟಿ ಬಿಚ್ಚಿ, ಉದ್ದನೆಯ ಪಟ್ಟಿಯನ್ನು ಡ್ರಾಯರ್ ಮೇಲಂಚಿಗೆ ಒರಗಿಸಬೇಕು. ಬುಷ್‌ಗಳ ನಟ್ಟನಡುವೆ ಜಿಗ್ಗಿನ ಎರಡೂ ಮುಖಕ್ಕೆ ಚಾಕುವಿನಿಂದ ಗೆರೆ ಕೊರೆದಿದ್ದೇನೆ; ಅದನ್ನು ಡ್ರಾಯರ್ ಮಧ್ಯದ ಗುರುತಿಗೆ ಹೊಂದಿಸಿದರೆ ಆಯಿತು.

128ರ ಹ್ಯಾಂಡಲ್ ಬಂದರೆ ಬೇರೆಯದೇ ಜಿಗ್ ಮಾಡುತ್ತೇನೆ. ಒಂದೇ ಹಲಗೆಗೆ ಎಲ್ಲ ಅಳತೆಯ ತೂತು ಹಾಕಿಟ್ಟುಕೊಳ್ಳುವವರಿದ್ದಾರೆ. ಗಡಿಬಿಡಿಯಲ್ಲಿ ಬಿಟ್ ಪಕ್ಕದ ತೂತಿಗೆ ಇಳಿದರೆ ಒಂದು ಶಟರ್ ಹೋಯಿತು. ಒಂದು ಜಿಗ್ಗಿಗೆ ಆಗುವ ಪ್ಲೈವುಡ್ ತುಂಡು ಹೇಗೂ ಸೈಟಿನ ರದ್ದಿಯಲ್ಲಿ ಸಿಗುತ್ತದೆ, ಖರ್ಚೆಂದರೆ ಬುಷ್‌ನದಷ್ಟೇ.